ಉಸಿರೆತ್ತದೆ

ಝೋಂಗುಲ್ದಾಕ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಬೋರಲು ಮಲಗಿದ್ದಾನೆ ಸಾತಿಲ್ಮಿಶ್ ಉಸ್ತಾ,
ಕೆನ್ನೆ ದಿಂಬಿಗೆ, ಕೈ ಎರಡೂ ತಲೆಯಾಚೆ,
ಬೆನ್ನ ಮೇಲೆ ನಾನು ಅಂಟಿಸಿದ ತಂತಿಗಳ ಏಣಿ,
ಹಳೆ ಗಾಯಗಳಲ್ಲಿ ಇದ್ದಲು ಕೂತು
ನೀಲಿಗಟ್ಟಿದ ಗೆರೆಗಳ ನಡುವೆ.

ಹೆಸರಿನ ಅರ್ಥ: ಮಾರಿಹೋದವನು.
ಮೂರು ಕೂಸು ಮಣ್ಣಿಗಿಟ್ಟ ತಾಯಿ
ನಾಲ್ಕನೆಯದನ್ನು ದರ್ಗಾಕ್ಕೆ ಮಾರಿದಂತೆ ಮಾಡಿ
ಸಾವಿಗೆ ಸುಳ್ಳು ಲೆಕ್ಕ ತೋರಿಸಿದ್ದಳಂತೆ.
ಅರವತ್ತೆಂಟು ವರ್ಷ ಆ ಲೆಕ್ಕವನ್ನು
ಯಾರೂ ತೆರೆದು ನೋಡಿರಲಿಲ್ಲ.

ಪರದೆಯಲ್ಲಿ ಅವನ ಎದೆ
ಬ್ರೆಡ್ಡಿನಂತೆ ಹೋಳು ಹೋಳಾಗಿ ಬರುತ್ತದೆ.
ಕಪ್ಪು ಎಂದರೆ ಗಾಳಿ, ಬಿಳುಪು ಎಂದರೆ ಏನೋ ಇದೆ.
ನನ್ನ ವಿದ್ಯೆ ಇಷ್ಟೇ.
ಅವನದು ತಿರುವುಮುರುವು:
ಕಪ್ಪು ಕಂಡರೆ ರೊಟ್ಟಿ, ಬಿಳಿ ಬಂತೆಂದರೆ ಬರೀ ಕಲ್ಲು.

ಬಲಗಡೆ ಕೆಳಹಾಲೆ, ಹದಿನೆಂಟು ಮಿಲಿಮೀಟರ್.
ಇಲ್ಲಿನ ಗುಡ್ಡಗಳಲ್ಲಿ ಬೆಳೆವ ಫಿಂದಿಕ್ ಬೀಜದಷ್ಟು,
ಅಂಚು ಮಾತ್ರ ಬೀಜದಂತಿಲ್ಲ, ಮುಳ್ಳುಮುಳ್ಳು.

ಪಕ್ಕೆಲುಬಿನ ಮೇಲಂಚು ಸವರಿಕೊಂಡೇ ಹೋಗಬೇಕು,
ಕೆಳಂಚಿನ ನೆರಳಲ್ಲಿ ರಕ್ತನಾಳ ಮಲಗಿರುತ್ತದೆ.
ಮರಗಟ್ಟಿಸುವ ಔಷಧ ಚರ್ಮಕ್ಕೆ, ಸ್ನಾಯುವಿಗೆ,
ಕೊನೆಗೆ ಶ್ವಾಸಕೋಶದ ಹೊದಿಕೆಯ ಹೊಸ್ತಿಲಿಗೆ.
ಆ ಹೊಸ್ತಿಲನ್ನು ಒಮ್ಮೆ ಮಾತ್ರ ದಾಟಬೇಕು.
ಎರಡು ಸಲ ದಾಟಿದವರ ಕಥೆ ನನಗೆ ಗೊತ್ತು.
ಎರಡು ಸಲ ದಾಟಿದವಳು ನಾನೇ, ಹಿಂದಿನ ಚಳಿಗಾಲ.

ಗಾಜಿನಾಚೆಯಿಂದ ನೆರ್ಗಿಜ್ ಹೇಳುತ್ತಾಳೆ:
ಉಸಿರು ಎಳೆಯಿರಿ. ಹಿಡಿಯಿರಿ. ಉಸಿರೆತ್ತಬೇಡಿ.
ಚಿತ್ರ ತೆಗೆವಾಗ ನಾವೆಲ್ಲ ಹೊರಗೆ;
ಬೆನ್ನಲ್ಲಿ ನಿಂತ ಸೂಜಿಯೊಂದಿಗೆ
ಅವನೊಬ್ಬನೇ ಒಳಗೆ.

ಮರಳಿ ಬಂದಾಗ ದಿಂಬಿನೊಳಕ್ಕೇ ಕೇಳಿದ:
"ಎಷ್ಟು ಆಳ, ಮಗಳೇ?"
ಆರೂವರೆ ಸೆಂಟಿಮೀಟರ್.
ನಗು ಬಂತು, ನಗಕೂಡದೆಂದು ನುಂಗಿದ.
"ಕೊಜ್ಲು ಗಣಿಯಲ್ಲಿ ನಾವು
ಇಪ್ಪತ್ತೈದು ಮೀಟರ್ ಕೊರೆಯುತ್ತಿದ್ದೆವು,
ಒಂದು ಹೆಜ್ಜೆ ಮುಂದಿಡುವ ಮೊದಲು,
ಗೋಡೆಯ ಹಿಂದೆ ಗ್ಯಾಸು ಕೂತಿದೆಯೋ ಎಂದು.
ತೂತಿನ ಬಾಯಿಗೆ ಕಿವಿಯಿಟ್ಟರೆ
ಇದ್ದಲು ಬುಸುಗುಡುವುದು ಕೇಳುತ್ತದೆ.
ನೀನು ಕಿವಿಯಿಟ್ಟೆಯಾ?"

ಇಲ್ಲ. ನನಗಿರುವುದು ಕಣ್ಣು,
ಅದೂ ಹಿಂದಿನ ಉಸಿರಿನ ಚಿತ್ರ ನೋಡುವ ಕಣ್ಣು.
ಈ ಉಸಿರಲ್ಲಿ ಅದು ಎಲ್ಲಿದೆಯೋ,
ಅರ್ಧ ಬೆರಳು ಮೇಲೋ ಕೆಳಗೋ,
ಬೆರಳಿಗೇ ಗೊತ್ತಾಗಬೇಕು:
ಮೆದು, ಮೆದು, ಸ್ಪಂಜಿನ ಮೆದು, ಆಮೇಲೆ
ಬಲಿಯದ ಮರಸೇಬಿನಂಥ ತಡೆ.

ಆಗಲೇ ಬಂತು ಕೆಮ್ಮು.
ಬರುವುದನ್ನು ಬೆನ್ನಿನಲ್ಲೇ ಮೊದಲು ಕಂಡೆ,
ನೀಲಿ ಗೆರೆಗಳೆಲ್ಲ ಒಮ್ಮೆಗೇ ಅದುರಿದವು.
ಉಸ್ತಾ, ಉಸ್ತಾ, ಬೇಡ.
ಚಾಚಿದ ಕೈಗಳ ಹತ್ತೂ ಬೆರಳು
ಕುಸಿವ ತೊಲೆಯೊಂದನ್ನು ಎತ್ತಿಹಿಡಿದಂತೆ ಬಿಗಿದವು.
ಬಂದ ದಾರಿಗೆ ಸುಂಕವಿಲ್ಲವೆಂದು
ಕೆಮ್ಮು ಹಿಂದಿರುಗಿತು.

ಟಕ್.
ಸ್ಟೇಪ್ಲರಿನ ಸದ್ದು, ಅಷ್ಟೇ.
ಮತ್ತೆ ಟಕ್. ಮೂರನೆಯದು.
ಮೊದಲೇ ಹೇಳಿರುತ್ತೇನೆ, ಆದರೂ ಎಲ್ಲರೂ ಬೆಚ್ಚುತ್ತಾರೆ.
ಅವನು ಬೆಚ್ಚಲಿಲ್ಲ.

ಫಾರ್ಮಲಿನ್ ಬಾಟಲಿಯಲ್ಲಿ ಮೂರು ಎಳೆ,
ಶಾವಿಗೆಯ ತುಂಡಿನಷ್ಟು.
ಎರಡು ಬಿಳಿಚಿಕೊಂಡಿವೆ. ಒಂದರ ತುದಿ ಕಪ್ಪು.
ಗಾಯ ಅಡಿಯಾಗುವಂತೆ ಅಂಗಾತ ಹೊರಳಿಸಿದ ಮೇಲೆ
"ತೋರಿಸು" ಎಂದ. ಬೆಳಕಿಗೆ ಹಿಡಿದೆ.
ಆ ಬಿಳಿಯನ್ನು ನೋಡಲೇ ಇಲ್ಲ ಅವನು.
ಕಪ್ಪು ತುದಿಯನ್ನೇ ನೋಡಿದ, ಬಹಳ ಹೊತ್ತು,
ಪರಊರಿನ ಸಂತೆಯಲ್ಲಿ ತನ್ನೂರವನು ಸಿಕ್ಕ ಹಾಗೆ.
"ಇದು ಕೊಜ್ಲುವಿನದೇ.
ನಿವೃತ್ತಿಯ ದಿನ ಗೇಟಿನಲ್ಲಿ ಜೇಬು ತಡಕಿದ್ದರು,
ಇದು ಸಿಗಲಿಲ್ಲ ನೋಡು ಅವರಿಗೆ."

ಎರಡು ಗಂಟೆಯ ಮೇಲಿನ ಎಕ್ಸ್‌ರೇಯಲ್ಲಿ
ಹೊದಿಕೆಯಡಿ ಉಗುರಂಚಿನಷ್ಟು ಗಾಳಿ. ಇಂಗೀತು.
ಹೊರಗೆ ಶೆಹ್ರಿಬಾನ್, ಅವನ ಷೂ ಮಡಿಲಲ್ಲಿಟ್ಟುಕೊಂಡು.
ಹತ್ತು ದಿನ ಆಗುತ್ತದೆ ವರದಿಗೆ, ಎಂದೆ.
ಅವಳೂ ಉಸಿರೆತ್ತಲಿಲ್ಲ.
ನೆಲಕ್ಕೆ ಕೂತು ಅವನ ಲೇಸು ಕಟ್ಟತೊಡಗಿದಳು,
ಇವತ್ತು ಅವನು ಬಗ್ಗಕೂಡದಲ್ಲ.