ಶುಕ್ರವಾರಕ್ಕೆ ಮುಂಚೆ ರೋಯ್ಸ್ಟನ್‌ಗೆ ನಾಲ್ಕು ಮಾತು

ಮೊದಲು ಚಪ್ಪಲಿ ಬಿಡು, ಆಮೇಲೆ ಮಂಡಿಯೂರು.
ಮೂರು ವರ್ಷದವರ ಲೋಕ ನಿನ್ನ ಬೆಲ್ಟಿನ ಕೆಳಗಿದೆ.
ನಿಂತು ತೆಗೆದರೆ ಸಿಗುವುದು ಬರೀ ನೆತ್ತಿ,
ಎಣ್ಣೆಯ ಬೈತಲೆ, ಓರೆಯಾದ ಕಾಗದದ ಟೋಪಿ.
ಪ್ಯಾಂಟು ಕೊಳೆಯಾದರೆ ಆಗಲಿ ಮಾರಾಯ,
ವಾರವಿಡೀ ಎಸಿ ಡಕ್ಟಿನೊಳಗೆ ತೆವಳಿದ ಮಂಡಿ ನಮ್ಮದು,
ರುವಿಯ ಫ್ಲಾಟಿನ ಟೈಲ್ಸು ಅದಕ್ಕೆ ಯಾವ ಲೆಕ್ಕ?

ಫ್ಲಾಷ್ ಬೇಡ.
ಫ್ಲಾಷ್ ಬಿದ್ದರೆ ಮಗು ಮೊದಲು ಬೆಚ್ಚುತ್ತದೆ, ಆಮೇಲೆ ಅಳುತ್ತದೆ,
ಆಮೇಲೆ ಅದರ ಅಜ್ಜಿ ನಿನ್ನನ್ನೇ ನೋಡುತ್ತಾಳೆ.
ಪರದೆ ಸರಿಸಲು ಕೇಳು. ಬಿಸಿಲು ಅಂತಾರೆ,
ಕರೆಂಟು ಬಿಲ್ಲು ಅಂತಾರೆ. ಎರಡೂ ನಿಜ.
ಹತ್ತೇ ನಿಮಿಷ ಅನ್ನು. ನಾಲ್ಕೂವರೆಯ ಹೊತ್ತಿಗೆ
ಎದುರಿನ ಬೋಳುಗುಡ್ಡಕ್ಕೆ ತಾಗಿ ಬೆಳಕು ಮೆತ್ತಗಾಗಿ ಬರುತ್ತದೆ,
ಕಾಯಿಸಿ ಆರಿಸಿದ ಹಾಲಿನ ಹಾಗೆ.
ಅಲ್ಲಿ ಮಗುವನ್ನು ಕೂರಿಸು. ಕೂರುವುದಿಲ್ಲ.
ಆಟಿಕೆ ಇಡು, ತಾನೇ ಬರುತ್ತದೆ.

ನಗು ಅನ್ನಬೇಡ. ಹೇಳಿ ತರಿಸಿದ ನಗು
ಬಾಡಿಗೆ ಕುರ್ಚಿಯ ಹಾಗೆ, ಸಂಜೆಗೆ ವಾಪಸು.
ಕೇಕನ್ನು ಬೇಗ ತೆಗೆ,
ತಡವಾದರೆ ಯಾವನೋ ಬೆರಳದ್ದಿರುತ್ತಾನೆ.
ಅವನನ್ನೂ ತೆಗೆ.
ಬಲೂನು ಒಡೆದರೆ ಬಲೂನಿನ ಕಡೆಗಲ್ಲ,
ಕಿವಿ ಮುಚ್ಚಿಕೊಂಡವನ ಕಡೆ ತಿರುಗು.
ತಂದ ಉಡುಗೊರೆ ಕೊಡಲು ಮನಸ್ಸಾಗದೆ
ಅಪ್ಪಿಕೊಂಡು ನಿಂತವಳು ಬಾಗಿಲ ಹತ್ತಿರ ಒಬ್ಬಳು ಇದ್ದೇ ಇರುತ್ತಾಳೆ.
ದೊಡ್ಡವರು ಒಂದು, ಎರಡು, ಮೂರು ಎಣಿಸುತ್ತಾರೆ,
ಮಗು ಎರಡಕ್ಕೇ ಊದಿಬಿಡುತ್ತದೆ.
ನೀನು ಒಂದಕ್ಕೇ ಬೆರಳೊತ್ತು.

ಇನ್ನೊಂದಿದೆ, ಇದು ನನಗೆ ಯಾರೂ ಕಲಿಸಿದ್ದಲ್ಲ.
ಹೋದ ಫೆಬ್ರವರಿ, ಕೊಪ್ಪಳದ ಗವಿಸಿದ್ಧಪ್ಪನವರ ಮನೆ.
ಸಮುದ್ರದ ನೀರು ಸಿಹಿ ಮಾಡುವ ಪ್ಲಾಂಟಿನಲ್ಲಿ ಇಂಜಿನಿಯರು.
ಮಗಳು ಹೊನ್ನಿಗೆ ಮೂರು ತುಂಬಿತ್ತು.
ಅವಳು ಯಾರಿಗೂ ನಗಲಿಲ್ಲ.
ಅಪ್ಪ ಕಪ್ಪೆಯಾದರು, ಮಾವ ಕೋತಿಯಾದ,
ನಾನು ಹಳೇ ಡಕ್ಟಿನಂತೆ ಗೊರಗೊರ ಅಂದೆ.
ಆಮೇಲೆ ಒಮ್ಮೆಲೇ
ನನ್ನ ಭುಜದ ಆಚೆ ನೋಡಿ ನಕ್ಕಳು, ನೋಡು,
ಒತ್ತುತ್ತಲೇ ಹೋದೆ. ನಲವತ್ತಾರು ಚಿತ್ರ, ಒಂದೂ ಕೆಡಲಿಲ್ಲ.
ನನ್ನ ಕೈಗುಣ ಅಂದುಕೊಂಡೆ.

ರಾತ್ರಿ ಕ್ಯಾಂಪಿನಲ್ಲಿ, ಬಂಕಿನ ಮೇಲೆ ಕೂತು,
ಕಣ್ಣು ಸ್ಪಷ್ಟ ಬಂದಿದೆಯಾ ಅಂತ ಹಿಗ್ಗಿಸಿ ನೋಡಿದೆ.
ಕಪ್ಪು ಪಾಪೆಯೊಳಗೆ ಕಿಟಕಿ, ಕಿಟಕಿಗೆ ಅಡ್ಡಲಾಗಿ
ಅಕ್ಕಿಕಾಳಿನಷ್ಟು ಒಬ್ಬಳು
ತಲೆಯ ಮೇಲೆ ಸೌಟು ಇಟ್ಟುಕೊಂಡು ಕುಣಿಯುತ್ತಿದ್ದಾಳೆ.
ಕಡಪದ ಓಬುಲಮ್ಮ. ಮಗು ನೋಡಿಕೊಳ್ಳುವವಳು.

ಮುನ್ನೂರ ಹನ್ನೆರಡನ್ನೂ ತಿರುವಿ ಹಾಕಿದೆ.
ಒಂದರಲ್ಲಿ ಅವಳ ಮೊಣಕೈ.
ಒಂದರಲ್ಲಿ ಪಾಯಸದ ಟ್ರೇ ಹಿಡಿದ ಬಳೆ,
ಅದನ್ನೂ ನಾನೇ ಕತ್ತರಿಸಿದ್ದೆ, ಚಿತ್ರ ಚೊಕ್ಕವಾಗಿರಲಿ ಅಂತ.
ಆಲ್ಬಮ್ಮು ನೋಡಿ ಅವರು ಖುಷಿಯಾಗಿ
ಎರಡು ರಿಯಾಲು ಹೆಚ್ಚೇ ಕೊಟ್ಟರು. ಇಸಕೊಂಡೆ.

ಆ ಕಣ್ಣೊಂದನ್ನೇ ಅಂಗೈ ಅಗಲ ಪ್ರಿಂಟು ಹಾಕಿಸಿ
ಒಂದು ಸಂಜೆ ಹೋದೆ.
ಅವಳ ವೀಸಾ ಮುಗಿದು ಹಿಂದಿನ ವಾರವೇ ಊರಿಗೆ ಹೋಗಿದ್ದಳಂತೆ.
ಬಾಗಿಲ ಸಂದಿಯಲ್ಲಿ ಹೊನ್ನಿ,
ನನ್ನನ್ನು ನೋಡಿದಳು,
ಆಮೇಲೆ ಬಗ್ಗಿ, ನನ್ನ ಬೆನ್ನ ಹಿಂದೆ ನೋಡಿದಳು.
ಲಿಫ್ಟಿನ ಬಾಗಿಲು ಮುಚ್ಚುತ್ತಿತ್ತು.

ಅದಕ್ಕೇ ರೋಯ್ಸ್ಟನ್,
ಮಗು ನಕ್ಕಾಗ ಒಂದು ಸಲ ಹಿಂದೆ ತಿರುಗು.
ಒಂದು ನಗು ತಪ್ಪಿದರೆ ತಪ್ಪಲಿ.
ಬ್ಯಾಟರಿ ಎರಡಿರಲಿ.
ಊಟ ಮಾಡಿ ಹೋಗಿ ಅಂತಾರೆ, ಕೂರು,
ಆದರೆ ಕಾರ್ಡು ಜೇಬಿಗೆ ಹಾಕಿಕೊಂಡು ಕೂರು.