ಹೆಪ್ಪು

ದಿನಕ್ಕೆ ಆರುನೂರು ಜನರ ಜೊತೆ ಮಾತು ನನ್ನದು.
ಎಲ್ಲಿಗೆ, ಎಷ್ಟು ಜನ, ಆಧಾರ್ ತೋರಿಸಮ್ಮ,
ಚಿಲ್ಲರೆ ಕೊಡಿ, ಒಳಗೆ ಸರೀರಿ, ಇನ್ನೂ ಒಳಗೆ.
ಮಧುಗಿರಿ ಬಿಟ್ಟರೆ ಮಿಡಿಗೇಶಿ, ಮಿಡಿಗೇಶಿ ಬಿಟ್ಟರೆ ಪಾವಗಡ,
ಸೀಟಿ ಊದಿ ಊದಿ ತುಟಿ ಸವೆದಿದೆ.
ರಾತ್ರಿ ರೂಮಿನ ಬೀಗ ತೆಗೆದರೆ
ಬಾಗಿಲು ಕಿರ್ರ್ ಅನ್ನುವುದೇ
ಆ ದಿನದ ಕೊನೆಯ ಮಾತು.

ಮದುವೆ ಒಂದಾಗಿತ್ತು. ಕೋರ್ಟಿನಲ್ಲಿ ಮುಗಿಯಿತು,
ತಲಾ ಒಂದು ಸಹಿ.
ಆಮೇಲೆ ಒಂದು ಚಾಪೆ, ಒಂದು ಸ್ಟವ್, ಒಂದು ಪಾತ್ರೆ,
ಕಿಟಕಿಯಾಚೆ ಕತ್ತಲಲ್ಲಿ ಕೂತ ಬೆಟ್ಟ.
ಒಂದೇ ಕಲ್ಲಂತೆ ಅದು, ಎಲ್ಲೂ ಬೆಸುಗೆಯಿಲ್ಲ.
ಮೂರು ವರ್ಷ ಅದನ್ನೇ ನೋಡುತ್ತ
ಹೀಗೂ ಇರಬಹುದು ಅಂದುಕೊಂಡಿದ್ದೆ.

ಬೇಸಿಗೆಯ ಒಂದು ರಾತ್ರಿ, ಹೋಟೆಲ್ ಊಟಕ್ಕೆ ಎದೆ ಉರಿದು,
ನಾಳೆಗಾದರೂ ಮನೆಯ ಮೊಸರಿರಲಿ ಅನ್ನಿಸಿತು.
ಹಾಲು ಕಾಯಿಸಿದೆ, ಆರಿಸಿದೆ,
ಕಿರುಬೆರಳು ಅದ್ದಿ ನೋಡಿದೆ ಅಮ್ಮ ನೋಡುತ್ತಿದ್ದ ಹಾಗೆ.
ಎಲ್ಲ ಆದಮೇಲೆ ಹೊಳೆಯಿತು: ಹೆಪ್ಪಿಲ್ಲ.
ಎಲ್ಲಿಂದ ಬರಬೇಕು?
ನಿನ್ನೆಯದು ಒಂದಿಷ್ಟು ಉಳಿದಿದ್ದರೆ ತಾನೆ ಇವತ್ತಿಗೆ ಹೆಪ್ಪು.

ಪಕ್ಕದ ಮನೆಯ ಚಿಲಕ ಬಡಿದೆ.
ಬಸ್ಸಿನ ಸರಳು ಹಿಡಿದು ಘಾಟಿ ಇಳಿಯುವ ಕೈ ಸ್ವಾಮಿ,
ಚಿಲಕದ ಮುಂದೆ ನಡುಗಿತು.

ಮುದುಕಿ, ಆಮೇಲೆ ಗೊತ್ತಾಯಿತು ಕದಿರಮ್ಮ ಅಂತ,
ಅರ್ಧ ಬಾಗಿಲು ತೆಗೆದು ಲೋಟ ನೋಡಿದಳು, ನನ್ನ ನೋಡಿದಳು.
"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರ್ದು ಕಣಪ್ಪ.
ಬೆಳಕಿದ್ದಾಗ ಬಾ."
"ಬೆಳಕಿದ್ದಾಗ ನಾನು ಪಾವಗಡದಲ್ಲಿರ್ತೀನಮ್ಮ."
ಬಾಗಿಲು ಮುಚ್ಚಿತು.
ಹಾಲಿಗೆ ಸಕ್ಕರೆ ಹಾಕಿ ಹುಡುಗನ ಹಾಗೆ ಕುಡಿದು ಮಲಗಿದೆ.

ಮಾರನೆಯ ರಾತ್ರಿ ನನ್ನ ಕಿಟಕಿಯ ಕಟ್ಟೆ ಮೇಲೆ
ಒಂದು ಹಿತ್ತಾಳೆ ಬಟ್ಟಲು, ಮೇಲೆ ತಟ್ಟೆ,
ತಟ್ಟೆ ಮೇಲೆ ಬೆಕ್ಕಿಗಂತ ಒಂದು ಕಲ್ಲು.
ನಾನು ಯಾರ್ಯಾರಿಗೋ ಚಿಲ್ಲರೆ ಎಣಿಸುತ್ತಿದ್ದ ಹೊತ್ತಿನಲ್ಲಿ,
ಇಲ್ಲಿ, ಬಿಸಿಲಲ್ಲಿ, ಯಾರೋ ನನ್ನ ನೆನೆದಿದ್ದರು.
ಆ ಕಲ್ಲನ್ನು ಸುಮ್ಮನೆ ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಬರಿ ಬಟ್ಟಲು ವಾಪಸ್ ಕೊಡಬಾರದಲ್ಲ,
ಮಿಡಿಗೇಶಿಯಲ್ಲಿ ಹುಣಸೆ ಕೊಂಡು ತುಂಬಿಸಿಟ್ಟೆ.
ಅದು ಹುರಿಗಡಲೆಯಾಗಿ ಬಂತು.
ಕೆಳಗಿನ ಟೈಲರ್ ದಸ್ತಗೀರನ ಹೆಂಡತಿ ಜುಲೇಖಾಬಿ,
ರಂಜಾನಿನಲ್ಲಿ ಬೆಳಗಿನ ಜಾವದ ಊಟಕ್ಕೆ
ನನ್ನಿಂದ ಎರಡು ಚಮಚ ಒಯ್ದಳು.
ಅವರ ಮೊಸರು ನನ್ನದಕ್ಕಿಂತ ಗಟ್ಟಿ, ಹೊಟ್ಟೆಕಿಚ್ಚಾಯಿತು.
ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವ ಓಬಳೇಶ ಮಾತ್ರ
ಹೆಪ್ಪು ಗಿಪ್ಪು ಏನೂ ಕೇಳುವುದಿಲ್ಲ,
ನೇರ ಮಜ್ಜಿಗೆಗೇ ಬಂದು ಕೂರುತ್ತಾನೆ.

ಕಾರ್ತಿಕದಲ್ಲಿ ಕದಿರಮ್ಮ ಕಣ್ಣಿನ ಆಪರೇಷನ್ನಿಗೆ ತುಮಕೂರಿಗೆ ಹೋದಳು.
ಹದಿನೈದು ದಿನ ಆ ಬಾಗಿಲಿಗೆ ಬೀಗ.
ಬಸ್ಸಿನಲ್ಲಿ ಹಿಂದಿನ ಸೀಟಿಗೆ ಟಿಕೆಟ್ ಕೊಡುವುದೇ ಮರೆತೆ.

ಬಂದ ಸಂಜೆ, ದೀಪ ಹಚ್ಚಿಯಾಗಿತ್ತು,
ಕಪ್ಪು ಕನ್ನಡಕ, ಕೈಯಲ್ಲಿ ಅದೇ ಬಟ್ಟಲು,
ಗೋಡೆ ತಡಕುತ್ತ ನನ್ನ ಬಾಗಿಲಿಗೆ ಬಂದಳು.
"ನಂದೆಲ್ಲ ಕೆಟ್ಟೋಗೈತೆ. ಹೆಪ್ಪೈತಾ?"
"ದೀಪ ಹಚ್ಚಿದ ಮೇಲೆ ಕೊಡಬಾರ್ದಲ್ಲಮ್ಮ?"
"ಕೊಡೋದಲ್ಲೇನೋ ತಪ್ಪು!
ಇದು ನಂದೇ ಕಣೋ, ವಾಪಸ್ ಇಸ್ಕೊಂಡೋಗ್ತಿದೀನಿ."
ಹೋಗುವಾಗ ತಿರುಗಿ,
"ಅಲ್ಲಾ, ನಿನ್ನ ಹೆಸರೇನು?" ಅಂದಳು.

ಹೆಸರು ಹೇಳಲು ಒಂದು ಗಳಿಗೆ ಬೇಕಾಯಿತು.

ಚಳಿಗೆ ಈಗಲೂ ಕೆಲವು ರಾತ್ರಿ
ಹಾಲು ಹಾಲಾಗಿಯೇ ಉಳಿಯುತ್ತದೆ.
ಟವಲು ಸುತ್ತಿ ಅಕ್ಕಿ ಡಬ್ಬಿಯೊಳಗಿಟ್ಟು
ದೀಪ ಆರಿಸುತ್ತೇನೆ.
ಕದಿರಮ್ಮ ಹೇಳಿದ್ದಾಳೆ: ಆಗಾಗ ಮುಚ್ಚಳ ತೆಗೆದು ನೋಡಬೇಡ,
ಅಲುಗಿಸಬೇಡ.