ಒತ್ತು

ಶಿವರಾಂಪೇಟೆಯ ಸಂದಿಯಲ್ಲಿ ನಮ್ಮ ಅಚ್ಚುಮನೆ.
ಹಗಲು ಅರಮನೆಯ ಕೆಲಸ:
ದಸರಾ ದರ್ಬಾರಿನ ಕರೆಯೋಲೆ, ಬಂಗಾರದಂಚಿನ ರಟ್ಟು,
ಸಾಲಿಗೊಂದು ಶ್ರೀ, ಸಾಲಿಗೆರಡು ಶ್ರೀ.
ಸವೆದು ಸವೆದು ಶ್ರೀಯ ಬಾಲವೇ ಮೊಂಡಾಗಿತ್ತು.

ರಾತ್ರಿ ಬೇರೆ ಕೆಲಸ.
ಕಿಟಕಿಗೆ ಗೋಣಿ, ಲಾಂದ್ರಕ್ಕೆ ಬಟ್ಟೆ,
ಬುಡನ್ ಸಾಬರ ಬೆರಳಷ್ಟೇ ಎಚ್ಚರ.
ಜವಾಬ್ದಾರಿ ಸರ್ಕಾರ ಬೇಕು:
ಎಂಟು ಸಾಲಿನ ಕರಪತ್ರದಲ್ಲಿ ಆರು ಸಲ ಅದೇ ಮಾತು.
"ಪುಟ್ಲಿಂಗ, ದ ಒತ್ತು ತಾರೋ.
ನೋಡು ಹೆಂಗೆ ಹೊಸದಾಗೇ ಉಳಿದೈತೆ.
ಗದ್ದೆಗೆ ಬೇಕು, ಮುದ್ದೆಗೆ ಬೇಕು,
ಅರಮನೆಗೆ ಯಾಕೆ ಬೇಕು?"
"ಗದ್ದುಗೆಗೂ ಇದೇ ಒತ್ತಲ್ವಾ ಸಾಬರೇ?"
"ಅವರು ಸಿಂಹಾಸನ ಅಂತಾರೆ ಕಣೋ. ಒತ್ತೇ ಇಲ್ಲದ ಮಾತು.
ಜವಾಬು ನಮ್ಮ ಮನೆಯದು, ಒತ್ತು ನಿಮ್ಮದು.
ಕೂರಿಸು, ಗಟ್ಟಿಯಾಗಿ."

ಒಂದು ನಸುಕು ಪೊಲೀಸರು ಬಂದರು.
ಇನ್ಸ್‌ಪೆಕ್ಟರು ಕಲ್ಲಿನ ಮೇಲೆ ಬೆರಳಾಡಿಸಿ ಮಸಿ ಮೂಸಿದರು.
ಅಷ್ಟರಲ್ಲಿ ಬಿಚ್ಚಿ ಹಂಚಿಬಿಟ್ಟಿದ್ದೆ,
ಜ ಜದ ಗೂಡಿಗೆ, ವಾ ವಾದ ಗೂಡಿಗೆ.
ಒಂಟಿ ಅಕ್ಷರಕ್ಕೆ ಕೋಳ ತೊಡಿಸುವ ಕಾನೂನು
ಮೈಸೂರು ಸೀಮೆಯಲ್ಲಿ ಇನ್ನೂ ಆಗಿರಲಿಲ್ಲ.
ಸಾಬರನ್ನು ಕರೆದೊಯ್ದರು.
ಕನ್ನಡಕ ಇಲ್ಲೇ ಉಳಿಯಿತು.

ಆಮೇಲೆ ಕರಪತ್ರ ಬೇಕಾಗಲೇ ಇಲ್ಲ.
ಮಂಡ್ಯದ ರೈಲಲ್ಲಿ ಟಿಕೆಟ್ಟಿಲ್ಲದೆ ಬಂದವರು,
ಗಿರಣಿ ಬಿಟ್ಟವರು, ಸ್ಕೂಲು ಬಿಟ್ಟ ಹುಡುಗಿಯರು
ಮಾರ್ಕೆಟ್ಟಿನ ಮುಂದೆ ಸುಮ್ಮನೆ ಕೂತರು.
ಕೂತವರ ಮೇಲೆ ಕುದುರೆ ಹತ್ತಲೊಲ್ಲದು.
ಮುಂಗಾಲೆತ್ತಿ, ಇಳಿಸಿ,
ಸವಾರನ ಕಡೆ ಕಣ್ಣು ಹೊರಳಿಸಿತು.
ಕೀಲಾರದ ಮುದುಕಿಯೊಬ್ಬಳು ಮಡಿಲಿಂದ
ಬೆಲ್ಲದ ಚೂರು ತೆಗೆದು ನೀಡಿದಳು,
ಕುದುರೆಗೆ.

ಒಂದು ಸಂಜೆ ಅರಮನೆಯ ಚೀಟಿ:
ದೊರೆಯ ಘೋಷಣೆ, ಬೆಳಗಾಗುವುದರೊಳಗೆ ಐದು ಸಾವಿರ ಪ್ರತಿ.
ಓದಿದೆ. ಅದೇ ಮಾತು.
ಗೋಣಿ ತೆಗೆದು ಕಿಟಕಿ ತೆರೆದೆ, ಲಾಂದ್ರದ ಬತ್ತಿ ಏರಿಸಿದೆ.
ಒತ್ತಿನ ಗೂಡಿಗೆ ಕೈಹಾಕಿದರೆ
ಮೊಳೆಗಳ ಸಂದಿಗೆ ನಮ್ಮ ಮಸಿ ಇನ್ನೂ ಅಂಟಿತ್ತು.
ಮೊದಲ ಪ್ರತಿಯಲ್ಲಿ ಶ್ರೀ ಮಸುಕಾಗಿ ಬಂತು,
ದ ಒತ್ತು ಕಾಗದದ ಬೆನ್ನಿಗೂ ಉಬ್ಬಿತು.

ಸಾಬರು ಬಂದದ್ದು ನಾಲ್ಕು ದಿನ ಬಿಟ್ಟು,
ಬಿಳಿ ಗಡ್ಡ, ಸಡಿಲಾದ ಷರಾಯಿ.
ಕನ್ನಡಕ ಕೊಡುವ ಮುಂಚೆಯೇ ಹಾಳೆ ತಿರುಗಿಸಿ
ಹಿಂಬದಿಯನ್ನು ಬೆರಳಲ್ಲಿ ಸವರಿದರು,
ಎರಡು ಸಲ.
"ಒತ್ತು ಒಂಚೂರು ಜಾಸ್ತಿಯಾಯ್ತು" ಅಂದರು.
"ಇರಲಿ."